ವಾಪಸ್ ಬರುವ ಮುಳ್ಳು

ಅವರ ಬಲ ಹೆಬ್ಬೆರಳಿನ ಉಗುರು ಅರ್ಧ ಸುಟ್ಟು ಕಪ್ಪಾಗಿತ್ತು. ಬೆಸುಗೆ ಕಡ್ಡಿ ಹಿಡಿದು ಹಿಡಿದು ಆದದ್ದು. ನಮ್ಮ ಜುಗೂಳದಲ್ಲಿ ವಾಯರ್‌ಲೆಸ್ ಸೆಟ್ಟು ಇಟ್ಟುಕೊಂಡವರು ಪಕ್ಕದ ಮನೆಯ ಅವರೊಬ್ಬರೇ. ನೌಕರಿ ಮುಗಿದ ಮೇಲೂ ಅಂಕಲಿಯ ಗೆಳೆಯರ ಜೊತೆ ದಿನಾ ಅದರಲ್ಲಿ ಮಾತಾಡುತ್ತಿದ್ದರು. ಮಾತಿಗೆ ಮೊದಲು ಎರಡು ಮುಳ್ಳಿನ ಡಬ್ಬಿಯೊಂದನ್ನು ನೋಡಲೇಬೇಕು. ಸೆಟ್ಟಿನ ಕಸುವು ಕೇಬಲ್ಲಿನಲ್ಲಿ ಹೊರಗಿನ ತಂತಿಯ ಕಡೆ ಎಷ್ಟು ಹೋಯಿತು ಎಂದು ಒಂದು ಮುಳ್ಳು ತೋರಿಸುತ್ತದೆ. ಎಷ್ಟು ಹೊರಗೆ ಹೋಗದೆ ತಿರುಗಿ ಬಂತು ಎಂದು ಇನ್ನೊಂದು.

"ವಾಪಸ್ ಬರೂದು ಹೆಚ್ಚಾದ್ರ ಸೆಟ್ಟು ಸುಡ್ತೈತ್ರಿ ಅಕ್ಕಾ" ಎನ್ನುತ್ತಿದ್ದರು. ಕೇಳಿ ಕೇಳಿ ಬೇಸರ ಬಂದಿತ್ತು.

ಕೃಷ್ಣೆ ಏರಿದ ವರ್ಷ ದೋಣಿ ಬಂದಾಗ, ಎಮ್ಮೆ ಬಿಟ್ಟು ಬರುವುದಿಲ್ಲ ಎಂದು ನಾನೇ ಹಟ ಹಿಡಿದೆ. ನನ್ನನ್ನು ಬಿಟ್ಟು ಸೊಸೆ ಹೋಗಲಿಲ್ಲ. ಅವಳಿಗೆ ದಿನ ತುಂಬಿತ್ತು. ಮಗ ಆಚೆ ದಡದಲ್ಲಿದ್ದ. ನಮ್ಮಿಬ್ಬರನ್ನೇ ಬಿಡಬಾರದೆಂದು ಅವರೂ ಸೆಟ್ಟು ಹೊತ್ತು ನಮ್ಮ ಮಾಳಿಗೆಗೆ ಬಂದರು. ಮೂರು ಮಂದಿ, ಎರಡು ಎಮ್ಮೆ, ಸುತ್ತ ನೀರು. ಫೋನು ಸತ್ತಿತ್ತು. ಮರುದಿನ ಮುಂಜಾನೆ ಸೊಸೆಗೆ ಬೇನೆ ಶುರುವಾಯಿತು.

ಅವರು ಮಾಳಿಗೆಯ ಕೋಣೆಯ ಬಾಗಿಲ ಹೊರಗೆ ನಿಂತು ಒಂದು ಕೈಯಲ್ಲಿ ತಂತಿ ಕಟ್ಟಿದ ಗಳ, ಇನ್ನೊಂದರಲ್ಲಿ ಮೈಕು ಹಿಡಿದರು. ಗಾಳಿ ಅಷ್ಟಿತ್ತು. ಸಣ್ಣ ಅಂಕಿ ನನಗೆ ಕಾಣುವುದಿಲ್ಲವೆಂದು ಒಳಗೆ ನನ್ನ ಮುಂದಿದ್ದ ಡಬ್ಬಿಯ ಗಾಜಿಗೆ, ಮುಳ್ಳು ದಾಟಬಾರದ ಕಡೆ, ಕುಂಕುಮದ ಬೊಟ್ಟು ಇಡಿಸಿದ್ದರು.

"ಅಕ್ಕಾ, ವಾಪಸ್ ಮುಳ್ಳ ಬೊಟ್ಟ ದಾಟೇತೇನ್ರಿ?"

ದಾಟಿತ್ತು. ಹೇಳಿದರೆ ಮಾತು ನಿಲ್ಲಿಸುತ್ತಾರೆ ಎಂದುಕೊಂಡೆ.

"ಇಲ್ಲಪಾ, ನೀ ಒದರು!"

ಒದರಿದರು. ಸುಟ್ಟ ವಾಸನೆ ಬಂತು. ಸೆಟ್ಟು ಸತ್ತಿತು.

"ಖರೇ ಹೇಳ್ರಿ."

"ದಾಟಿತ್ತು."

"ಕೇಬಲ್‌ನಾಗ ನೀರ ಹೊಕ್ಕೈತಿ ಅಂತ ಹೇಳಾಕತ್ತಿತ್ರಿ ಅದು. ಹಸಿ ತುದಿ ಕತ್ತರಸ್ತಿದ್ನಿ, ಅಷ್ಟ." ಬೈಯಲಿಲ್ಲ. "ಈಗ ನಿಮ್ಮ ಎಮ್ಮಿನ್ನ ಒದರಸ್ರಿ, ಅಂಕಲಿ ತನಕ ಕೇಳ್ತೈತಿ."

ಅವರ ಹತ್ತಿರ ಕಡಿಮೆ ಕಸುವಿನ ಕೈಸೆಟ್ಟು ಇನ್ನೊಂದಿತ್ತು. ಕೇಬಲ್ಲಿನ ತುದಿ ಒಂದು ಮೊಳ ಕತ್ತರಿಸಿ ಆ ಕೈಸೆಟ್ಟಿಗೆ ಜೋಡಿಸಿದರು.

"ಈಗ?"

"ಮುಳ್ಳ ಎದ್ದೈತಿ."

ಇನ್ನೊಂದು ಮೊಳ.

"ಈಗ್ರಿ?"

"ಇನ್ನೂ ಎದ್ದೈತಿ."

ಮೂರನೆಯ ಸಲ ಕತ್ತರಿಸಿದಾಗ ಮುಳ್ಳು ಮಲಗಿತು. ಅಂಕಲಿಯಿಂದ ಉತ್ತರ ಬಂತು.

ಬಂದ ದೋಣಿಯಲ್ಲಿ ಇಬ್ಬರಿಗೇ ಜಾಗ. ನಾನು ಸೊಸೆಯ ಜೊತೆ ಹೋದೆ. ಅವಳು ದಡ ಮುಟ್ಟಿ ಹೆತ್ತಳು, ಹೆಣ್ಣು. ಅವರು ನನ್ನ ಎಮ್ಮೆಗಳ ಜೊತೆ ಮತ್ತೆರಡು ದಿನ ಮಳೆಯಲ್ಲಿ ಕೂತರು.

ಸುಟ್ಟ ಆ ಸೆಟ್ಟು ರಿಪೇರಿಯಾಗಲಿಲ್ಲ. ಕೇಳಿದವರಿಗೆಲ್ಲ "ಹಳೇದಾಗಿತ್ತು ಬಿಡ್ರಿ" ಎಂದರು. ನಾನು ಎದುರಿಗೇ ನಿಂತಿರುತ್ತಿದ್ದೆ. ಬಾಯಿ ಬಿಡಲಿಲ್ಲ.

ಹೋದ ಚಳಿಗಾಲ ತೀರಿಕೊಂಡರು. ಮಣ್ಣಿಗೆ ಬಂದ ಅಂಕಲಿಯ ಗೆಳೆಯರೂ ಅದನ್ನೇ ಹೇಳಿದರು, ಹಳೆಯ ಸೆಟ್ಟು ಕೈಕೊಟ್ಟಿತು ಎಂದು. ಸೆಟ್ಟು ಚೆನ್ನಾಗಿತ್ತು. ನಾನು ಸುಳ್ಳು ಹೇಳಿದ್ದೆ.