ಲಾರಿಯ ಹಗ್ಗ

ನಾನು ಚಿಕ್ಕವನಿದ್ದಾಗ ಒಂದು ಲಾರಿಯ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ ಬಿಡಿ. ಇವತ್ತು ಬೆಳಿಗ್ಗೆ ಹುಕ್ಕೇರಿಯ ಈ ಮನೆಯ ಪಡಸಾಲೆಯಲ್ಲಿ ನೀವಿಬ್ಬರೂ ನೆರೆ ಬಂದ ಊರಿನವರಿಗೆಂದು ಚೀಲ ತುಂಬುತ್ತಿದ್ದಿರಿ. ಅದರೊಳಗೆ ತೋಳು ಹರಿದ ಅಂಗಿಯೂ ಜಿಪ್ಪು ಕಿತ್ತ ಪ್ಯಾಂಟೂ ಕಂಡವು. ನನ್ನ ನೆತ್ತಿ ಕಾಯಿತು, ಬೈದುಬಿಟ್ಟೆ. ಅಜ್ಜನಿಗೆ ಯಾಕಿಷ್ಟು ಸಿಟ್ಟು ಎಂದು ಮುಖ ಸಣ್ಣದು ಮಾಡಿಕೊಂಡಿದ್ದೀರಿ. ಕೂತು ಕೇಳಿ.

ನಮ್ಮೂರು ಮಸಗುಪ್ಪಿ. ನಮ್ಮದು ಕುರಿ ಸಾಕುವ ಮನೆ. ಆ ವರ್ಷದ ಮಳೆಗಾಲದಲ್ಲಿ ಹೊಳೆ ಹಾಡಹಗಲೇ ಊರೊಳಗೆ ಬಂತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನೋಡನೋಡುತ್ತ ಒಲೆಯ ಬೂದಿ ನೀರ ಮೇಲೆ ತೇಲಿತು. ಅವ್ವ ಕೈಗೆ ಸಿಕ್ಕ ಒಂದೇ ಗಂಟನ್ನು ಬಗಲಲ್ಲಿ ಇಟ್ಟುಕೊಂಡು ನಮ್ಮನ್ನು ಎಳೆದುಕೊಂಡು ಓಡಿದಳು. ಆ ಗಂಟಿನಲ್ಲಿ ಅಕ್ಕನ ಮದುವೆಗೆಂದು ತಂದಿದ್ದ ಇಳಕಲ್ ಸೀರೆ ಇತ್ತು. ಎತ್ತರದ ರಸ್ತೆಗೆ ಬಂದು ತಿರುಗಿ ನೋಡಿದರೆ ಮನೆಯ ಮಾಳಿಗೆಯಷ್ಟೇ ಕಾಣುತ್ತಿತ್ತು.

ಅಪ್ಪ ಮಾತ್ರ ಬರಲಿಲ್ಲ. ಹೊಲದ ಕಡೆ ಕುರಿ ಮೇಯಿಸಲು ಹೋಗಿದ್ದವನು ನೀರು ಏರುವುದನ್ನು ಕಂಡು ಹಿಂಡನ್ನು ಹೊಡೆದುಕೊಂಡು ಒಂದು ದಿಬ್ಬ ಹತ್ತಿದ್ದ. ನಮಗೂ ಆ ದಿಬ್ಬಕ್ಕೂ ನಡುವೆ ಕೂಗಿದರೆ ಕೇಳುವಷ್ಟೇ ದೂರ. ಆದರೆ ಆ ನಡುವಿನಲ್ಲಿ ಬೇಲಿ, ಬಣವೆ, ಸತ್ತ ನಾಯಿ ಎಲ್ಲವನ್ನೂ ಹೊತ್ತುಕೊಂಡು ನೀರು ಗರಗರ ತಿರುಗುತ್ತ ಹೋಗುತ್ತಿತ್ತು. ದಿಬ್ಬದ ಮೇಲಿನ ಹುಲ್ಲನ್ನು ಕುರಿಗಳು ಬೇರುಸಹಿತ ತಿಂದು ಮುಗಿಸಿದವು. ಮೊದಲ ದಿನ ಅಪ್ಪ ನಮ್ಮ ಕೂಗಿಗೆ ಓಗೊಟ್ಟ. ಆಮೇಲೆ ಬರೀ ಕೈ ಎತ್ತುತ್ತಿದ್ದ. ಆಮೇಲೆ ಅದೂ ಇಲ್ಲ. ಕುರಿಗಳ ಅರಚಾಟವೊಂದೇ ಕೇಳುತ್ತಿತ್ತು.

ನಾಗನೂರಿನಿಂದ ಒಂದು ಚಕ್ಕಡಿ ಬಂತು. ಅದರಲ್ಲಿ ಬುಟ್ಟಿ ತುಂಬ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಜೋಳದ ಕಣಿಕೆಯ, ಅಂದರೆ ಮೇವಿನ ಒಣ ದಂಟಿನ, ಹೊರೆಗಳು. ಕಣಿಕೆ ತನ್ನಿ ಎಂದು ಅವರಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಅವರ ಮನೆಯಲ್ಲೂ ದನಕರು ಇದ್ದವು, ಅಷ್ಟೇ. ಅಪ್ಪನ ತಮ್ಮ, ನಮ್ಮ ಕಾಕಾ, ಬೆಲ್ಲ ಕಾಯಿಸುವ ಗಾಣದ ದೊಡ್ಡ ಕೊಪ್ಪರಿಗೆಯನ್ನು ಉರುಳಿಸಿಕೊಂಡು ಬಂದ. ಹೊಳೆ ಬಂದಾಗ ನಮ್ಮ ಕಡೆ ಅದೇ ದೋಣಿ. ಒಳಗೆ ಕಾಕಾ ಕೂರುವುದು, ದಡದಲ್ಲಿ ಗಂಡಸರು ಹಗ್ಗ ಹಿಡಿದು ಬಿಡುತ್ತ ಹೋಗುವುದು ಎಂದಾಯಿತು. ಚಕ್ಕಡಿಯವರು ತಮ್ಮ ಹಗ್ಗವನ್ನೇ ಬಿಚ್ಚಿ ಕೊಟ್ಟರು. ಅದು ಅರ್ಧಕ್ಕೂ ಮುಟ್ಟುವಂತಿರಲಿಲ್ಲ. ಊರಿನ ಹಗ್ಗವೆಲ್ಲ ಹೊಳೆಯ ಪಾಲಾಗಿತ್ತು.

ಆಗ ಆ ಲಾರಿ ಬಂತು. ದೂರದ ಯಾವುದೋ ಪಟ್ಟಣದ್ದು, ಮುಂದೆ ಬಟ್ಟೆಯ ಫಲಕ, ಹೂವಿನ ಹಾರ. ಮೇಲಿನ ತಾಡಪತ್ರಿಗೆ ಹೊಸ ಹಗ್ಗ ಸುತ್ತಿದ್ದರು, ಹೆಬ್ಬೆರಳಿನಷ್ಟು ದಪ್ಪ. ಅದನ್ನು ಬಿಚ್ಚಿ ಬದಿಗಿಟ್ಟು ಮೇಲಿಂದಲೇ ಬಟ್ಟೆ ಎಸೆಯತೊಡಗಿದರು. ಕೆಸರಿನಲ್ಲಿ ಬಿದ್ದವನ್ನು ನಮ್ಮವರು ಆರಿಸಿಕೊಂಡರು. ಹೊಲಿಗೆ ಬಿಟ್ಟ ಅಂಗಿ, ಒಂದೇ ಕಾಲಿನ ಪಾಯಿಜಾಮ, ಮುಗ್ಗಲು ವಾಸನೆಯ ಸೀರೆ. ನನ್ನ ತಲೆಯ ಮೇಲೆ ಬಿದ್ದ ಕುಲಾವಿಯನ್ನು ಇಲಿ ಕಡಿದಿತ್ತು.

ಕಾಕಾ ಲಾರಿಯ ಯಜಮಾನನಿಗೆ ಕೈಮುಗಿದ. "ಸಾಹೇಬ್ರ, ಬಟ್ಟಿ ಇರ್ಲಿ. ಆ ಹಗ್ಗ ಒಂದ್ ತಾಸು ಕೊಡ್ರಿ. ಅಲ್ಲಿ ನಮ್ಮ ಅಣ್ಣ ಅದಾನ್ರಿ, ಉಪವಾಸ ಅದಾನ."

"ಹಗ್ಗ ಹಂಚೂ ಸಾಮಾನಲ್ಲೋ ಮಾರಾಯ. ಬಟ್ಟಿ ಕೊಡಾಕ ಬಂದೇವಿ, ಬಟ್ಟಿ ತಗೋರಿ. ಕುರಿ ಬಿಟ್ಟು ಈಸಿಕೋತ ಬಾ ಅನ್ರಿ ಅವಗ."

ಕುರಿ ಬಿಟ್ಟು ಬಾ ಅಂತೆ! ಆ ಕುರಿಗಳೇ ನಮ್ಮ ಹೊಲ, ನಮ್ಮ ಮನೆ, ನಮ್ಮ ನಾಳೆಯ ಗಂಜಿ. ಕಾಕಾ ಕೊಪ್ಪರಿಗೆಯ ಕಡೆ ತಿರುಗಿ ನಡೆದ.

ಅಕ್ಕ ಆ ಹಳೆ ಬಟ್ಟೆಗಳ ಹತ್ತಿರ ಹೋದಳು. ರಾಶಿಯಲ್ಲಿ ಕೂತು ಸೀರೆಗಳನ್ನು ಒಂದೊಂದಾಗಿ ಎತ್ತಿ ಎರಡೂ ಕೈಯಲ್ಲಿ ಜಗ್ಗಿ ನೋಡತೊಡಗಿದಳು. ಪರ್‌ ಎಂದು ಹರಿದದ್ದನ್ನು ಬದಿಗೆ ಒಗೆಯುವಳು, ತಡೆದದ್ದನ್ನು ಹೊಸೆಯುವಳು. ಮೇಲಿನಿಂದ ನೋಡುತ್ತಿದ್ದ ಯಜಮಾನ ನಕ್ಕ. "ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಿಗೆ ಹೋಗಿ ಮೊಳ ಹಾಕಿದ್ಳಂತ."

ಅಕ್ಕ ತಲೆ ಎತ್ತಿದಳು. "ಹೌದ್ರಿ, ಹಾಕ್ತೇನಿ. ಇದರ ಮ್ಯಾಲ ನಮ್ಮ ಕಾಕಾ ಜೀವ ಇಟ್ಟು ಹೋಗ್ಬೇಕೈತಿ. ನೀವೇನ್ ಹೊಕ್ಕೀರೇನು?"

ನಾಲ್ಕು ಹೆಂಗಸರು ಕೂಡಿ ಹೊಸೆದ ಹಗ್ಗವನ್ನು ಚಕ್ಕಡಿಯ ಹಗ್ಗಕ್ಕೆ ಗಂಟು ಹಾಕಿದರು. ಕಾಕಾ ಅರ್ಧ ಕಣಿಕೆ, ಅರ್ಧ ರೊಟ್ಟಿ ಇಟ್ಟುಕೊಂಡು ಹೊರಟ. ನಡುನೀರಿಗೆ ಹೋಗಿದ್ದನೋ ಇಲ್ಲವೋ, ಬಟ್ಟೆಯ ಹಗ್ಗ ತುಂಡಾಯಿತು. ಗಂಟಿನ ಹತ್ತಿರ ಅಲ್ಲ, ನಡುವಿನಲ್ಲೇ ಹಿಂಜಿ ಹೋಯಿತು. ಕೊಪ್ಪರಿಗೆ ಬುಗುರಿಯಂತೆ ತಿರುಗಿ ನಮ್ಮ ದಡದ ಹತ್ತಿರದ ಜಾಲಿ ಕಂಟಿಗೆ ಬಡಿದು ನಿಂತಿತು. ಕಾಕಾ ಮುಳ್ಳಿನ ಟೊಂಗೆ ಹಿಡಿದು ಬದುಕಿದ. ಕಣಿಕೆಯ ಹೊರೆಗಳು ಅಪ್ಪನ ಕಣ್ಣೆದುರಿಗೇ ತೇಲಿ ಹೋದವು. ರೊಟ್ಟಿಯೂ ಹೋಯಿತು.

ಲಾರಿಯ ಯಜಮಾನ "ಪಾಪ" ಎಂದ. ಖರೆ ಹೇಳುತ್ತೇನೆ, ಅಷ್ಟೇ ಅಂದ. ಆಮೇಲೆ ಆಳುಗಳಿಗೆ ಹೇಳಿ ತಾಡಪತ್ರಿ ಮುಚ್ಚಿಸಿದ, ಆ ದಪ್ಪ ಹಗ್ಗವನ್ನು ಬಿಗಿಯಾಗಿ ಸುತ್ತಿಸಿದ, ಹೊರಟುಹೋದ. ಖಾಲಿ ಲಾರಿಗೆ ಹಗ್ಗ ಯಾತಕ್ಕೆ ಬೇಕಿತ್ತು? ನಾನು ಕಲ್ಲು ತೂರಿದೆ. ಮುಟ್ಟಲಿಲ್ಲ.

ಗಂಡಸರು ಕೈಕೈ ಹಿಡಿದು ನೀರಿಗಿಳಿದು ಕಾಕಾನನ್ನೂ ಕೊಪ್ಪರಿಗೆಯನ್ನೂ ದಡಕ್ಕೆ ತಂದಾಗ ಅವನ ಕೈತುಂಬ ಮುಳ್ಳು. ಅಕ್ಕ ಅವ್ವನ ಬಗಲಿನ ಗಂಟಿಗೆ ಕೈ ಹಾಕಿದಳು. ಅವ್ವ ಒಂದು ಗಳಿಗೆ ಗಟ್ಟಿಯಾಗಿ ಹಿಡಿದಳು, ಆಮೇಲೆ ಬಿಟ್ಟಳು. ಹೊಸ ಇಳಕಲ್ ಸೀರೆ, ಮಡಿಕೆಯೂ ಬಿಚ್ಚಿರಲಿಲ್ಲ. ಅಕ್ಕ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಉದ್ದಕ್ಕೆ ಸೀಳಿದಳು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಕಾಕಾ ತನ್ನ ತಲೆಯ ಪಟಗಾ ಬಿಚ್ಚಿ ಅದರೊಡನೆ ಹೊಸೆದು ಚಕ್ಕಡಿಯ ಹಗ್ಗಕ್ಕೆ ಗಂಟು ಹಾಕಿದ. ಉಳಿದ ಕಣಿಕೆ, ಉಳಿದ ರೊಟ್ಟಿ ಹೇರಿಕೊಂಡು ಮತ್ತೆ ಇಳಿದ. ಈ ಸಲ ಹಗ್ಗ ತಡೆಯಿತು.

ಅಪ್ಪ ಮೊದಲು ಕಣಿಕೆ ಬಿಚ್ಚಿ ಕುರಿಗಳ ಮುಂದೆ ಹರವಿದ. ಆಮೇಲೆ ನಮಗೆ ಬೆನ್ನು ಮಾಡಿ ಕೂತು ರೊಟ್ಟಿ ಮುರಿದ. ನೀರು ಇಳಿಯುವವರೆಗೂ ಆ ಹಗ್ಗ ದಿನವೂ ಹೋಗಿ ಬಂತು. ಮುಂದೆ ಅಕ್ಕ ಅವ್ವನ ಹಳೆಯ ಸೀರೆ ಉಟ್ಟು ಮದುವೆಯಾದಳು.

ಈಗ ನಿಮ್ಮ ಕಾಲ. ಎಲ್ಲಿ ನೀರು ಬಂದಿದೆ, ಯಾವ ಸೇತುವೆ ಮುಳುಗಿದೆ ಎಂದು ನಿಮ್ಮ ಮೊಬೈಲು ಕೂತಲ್ಲೇ ತೋರಿಸುತ್ತದೆ. ಈ ಚೀಲಗಳನ್ನು ಒಯ್ಯುವ ನಿಮ್ಮ ಶಾಲೆಯ ಗಾಡಿ ಮಧ್ಯಾಹ್ನ ಹೊರಟರೆ ಸಂಜೆಯೊಳಗೆ ಗೋಕಾಕದ ಆಚೆ ಮುಟ್ಟುತ್ತದೆ. ನಿಮಗೆ ಏನು ಬೇಕು ಎಂದು ಅಲ್ಲಿನವರನ್ನು ಫೋನಿನಲ್ಲೇ ಕೇಳಬಹುದು. ಯಾರಾದರೂ ಕೇಳಿದಿರೇನು? ಕೇಳದೆ ಈ ಹರಕು ಅಂಗಿ ಕಳಿಸುವುದಾದರೆ ಅಂದಿಗೂ ಇಂದಿಗೂ ಏನು ಫರಕು?

ಮೊದಲು ಫೋನು ಮಾಡಿ ಕೇಳಿ. ಬಟ್ಟೆಯೇ ಬೇಕು ಎಂದರೆ ಚೀಲ ಇಲ್ಲಿ ಸುರುವಿ, ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಮೆಲ್ಲಗೆ ಅಲ್ಲ. ಆಚೆ ದಿಬ್ಬದ ಮೇಲೆ ನಿಮ್ಮಪ್ಪ ನಿಂತಿದ್ದಾನೆ ಎಂದುಕೊಂಡು ಜಗ್ಗಿ.