ಶುಕ್ರವಾರದ ಅಹವಾಲು

ದುಬೈನ ಮಿರ್ದಿಫ್‌ ಬಡಾವಣೆಯಲ್ಲಿ ನಮ್ಮ ಪಕ್ಕದ ವಿಲ್ಲಾದಲ್ಲಿದ್ದ ಇಂಗ್ಲಿಷ್ ಹಿರಿಯರು ತಮ್ಮ ದೇಶದಲ್ಲಿ ಹಳ್ಳಿಯ ದೊಡ್ಡ ಜಮೀನುದಾರರು, ಬಹಳ ವರ್ಷ ಎಂಪಿಯಾಗಿದ್ದವರು. ಚುನಾವಣೆ ಸೋತ ಮೇಲೆ ಮಗಳ ಮನೆಗೆ ಬಂದಿದ್ದರು. ಅಲ್ಲಿ ಎಂಪಿಗಳು ವಾರಕ್ಕೊಮ್ಮೆ ಕೂತು ಜನರ ಅಹವಾಲು ಕೇಳುತ್ತಾರಂತೆ. ಆ ಅಭ್ಯಾಸವನ್ನು ಇವರು ಇಲ್ಲೂ ಬಿಡಲಿಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ಟೈ ಕಟ್ಟಿಕೊಂಡು, ಗೇಟಿನ ಹೊರಗೆ ಬೇವಿನ ಮರದಡಿ ಎರಡು ಕುರ್ಚಿ ಹಾಕಿ ಕೂರುತ್ತಿದ್ದರು.

"ಇಲ್ಲಿ ಯಾರಿಗೆ ಓಟುಂಟು ಮಾರಾಯ್ರೆ?" ಎಂದು ನನ್ನ ಹೆಂಡತಿ ನಗುತ್ತಿದ್ದಳು. ವಿಮಾನದ ಸದ್ದಿಗೆ ಮಗು ಮಲಗುವುದಿಲ್ಲ ಎಂದು ಮೊದಲು ದೂರು ಕೊಟ್ಟವಳೂ ಅವಳೇ. ಯಾರು ಏನು ಹೇಳಿದರೂ ಅವರು ನೋಟ್‌ಬುಕ್ಕಿನಲ್ಲಿ ನಿಧಾನವಾಗಿ ಬರೆದು, ತಲೆಯೆತ್ತಿ, "ಬರೆದುಕೊಂಡೆ" ಎನ್ನುತ್ತಿದ್ದರು.

ಒಂದು ಶುಕ್ರವಾರ ನೀರಿನ ಮೋಟಾರಿನ ತಕರಾರು ಹೊತ್ತು ನಾನು ಹೋದಾಗ, ಎದುರಿನ ಕುರ್ಚಿಯಲ್ಲಿ ಅವರ ಮಗಳೇ ಕೂತಿದ್ದಳು.

"ಅಪ್ಪ, ಚಿಕ್ಕವಳಿದ್ದಾಗ ಪ್ರತಿ ವಾರ ನಿನ್ನ ಕೋಣೆಯ ಹೊರಗೆ ಆ ಜನರ ಜೊತೆ ನಾನೂ ಕಾಯುತ್ತಿದ್ದೆ. ನನ್ನ ಸರದಿ ಬರಲೇ ಇಲ್ಲ."

ಅವರು ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿ, ನೋಟ್‌ಬುಕ್ ಮುಚ್ಚಿ ಹುಲ್ಲಿನ ಮೇಲಿಟ್ಟರು. ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಹೇಳಿದರು:

"ನೀವು ಮುಂದಿನ ವಾರ ಬನ್ನಿ."