E ಮೆಟ್ಟಿಲಿನ ಮನೆಗಳು

ಸ್ಮರಾಂದಾ ಬಹಳ ವರ್ಷ ಶಾಲೆಯಲ್ಲಿ ಗಣಿತ ಕಲಿಸಿ, ಗಂಟಲು ಕೆಟ್ಟ ಮೇಲೆ ಪ್ರೋಗ್ರಾಮ್ ಬರೆಯುವುದನ್ನು ಕಲಿತವಳು. ದಾನ್ಯೂಬ್ ದಡದ ಆ ಊರಿನ ಮನೆಗಳಿಗೆಲ್ಲ ಕೊಳವೆಯಲ್ಲಿ ಬಿಸಿನೀರು ಹರಿಸಿ ಚಳಿಗಾಲ ಕಳೆಸುವ ಕಚೇರಿಯಲ್ಲಿ ಈಗ ಅವಳ ಕೆಲಸ. ಯಾವ ಮನೆಗೆ ಎಷ್ಟು ಬಿಸಿ ಎಂದು ಲೆಕ್ಕ ಹಾಕುವ ಹೊಸ ಪ್ರೋಗ್ರಾಮನ್ನು ಜನವರಿಯಲ್ಲಿ ಅವಳೇ ಚಾಲೂ ಮಾಡಿದಳು.

ಮಾರನೆಯ ಬೆಳಿಗ್ಗೆ ಮೊದಲ ಫೋನು ಸೋದರತ್ತೆ ಅಗ್ಲಾಯಾಳದು.

"ಏನೇ ಹುಡುಗಿ, ನನ್ನನ್ನೇನು ಮೀನು ಅಂದ್ಕೊಂಡ್ಯಾ, ಮಂಜುಗಡ್ಡೇಲಿ ಇಡೋಕೆ? ಕೊಳವೆ ಮುಟ್ಟಿದ್ರೆ ಕೈ ಮರಗಟ್ಟುತ್ತೆ!" ಮಾತಿನ ನಡುವೆ ಕೆಮ್ಮು. ಮೊದಲೇ ಎದೆ ಗಟ್ಟಿಯಿಲ್ಲದ ಜೀವ.

"ಈಗಲೇ ನೋಡ್ತೀನಿ ಅತ್ತೆ. ಕಿಟಕಿ ಮುಚ್ಚಿ ಗ್ಯಾಸ್ ಒಲೆ ಉರಿಸ್ಕೊಂಡು ಮಾತ್ರ ಕೂತ್ಕೋಬೇಡಿ, ಉಸಿರು ಕಟ್ಟುತ್ತೆ."

ಆಮೇಲೆ ಫೋನು ನಿಲ್ಲಲೇ ಇಲ್ಲ. ಆ ಊರಿನ ಉದ್ದನೆಯ ವಸತಿ ಕಟ್ಟಡಗಳಿಗೆ A, B, C ಎಂದು ಹೆಸರಿಟ್ಟ ಬೇರೆ ಬೇರೆ ಮೆಟ್ಟಿಲುಗಳು; ಎಲ್ಲ ದೂರುಗಳೂ E ಮೆಟ್ಟಿಲಿನ ಮನೆಗಳವೇ. ಕೊಳವೆ ನೋಡಿಬಂದ ಮೇಸ್ತ್ರಿ ದೊರಿನ್ ಟೋಪಿಯ ಹಿಮ ಕೊಡವಿದ. "ವಾಲ್ವುಗಳೆಲ್ಲ ಸರಿಯಾಗಿವೆ. ತಪ್ಪಿರೋದು ನಿನ್ನ ಪೆಟ್ಟಿಗೇಲಿ, ತಾಯಿ."

ಸ್ಮರಾಂದಾಳಿಗೆ ಅತ್ತೆಯ ಗ್ಯಾಸ್ ಒಲೆ ನೆನಪಾಯಿತು. ಅತ್ತೆಗೆ ಮತ್ತೆ ಫೋನ್ ಮಾಡಿದಳು, ಎತ್ತಲಿಲ್ಲ. ಒಂದು ಕೈಯಲ್ಲಿ ಫೋನ್ ಹಿಡಿದೇ ಕಂಪ್ಯೂಟರಿನ ತೆರೆಯ ಮೇಲೆ ಅತ್ತೆಯ ಮನೆ ಹುಡುಕಿದಳು. ನಾಲ್ಕನೇ ಕಟ್ಟಡ, E ಮೆಟ್ಟಿಲು, ಏಳನೇ ಮನೆ: 4E7. ಆ ಜಾಗದಲ್ಲಿ 40000000 ಎಂದಿತ್ತು. 4E2 ಇರಬೇಕಾದಲ್ಲಿ 400. ಪಕ್ಕದ ಮೆಟ್ಟಿಲಿನ 4D7 ಮಾತ್ರ ಇದ್ದಂತೆಯೇ ಇತ್ತು.

ಸೊನ್ನೆಗಳನ್ನು ಎಣಿಸಿದಳು. ಏಳು. ನಾಲ್ಕು ಗುಣಿಸು ಹತ್ತರ ಘಾತ ಏಳು ಎಂದು ಅವಳು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದುದನ್ನೇ ಯಂತ್ರ ಚಿಕ್ಕದಾಗಿ 4E7 ಎಂದು ಬರೆಯುತ್ತದೆ. ಇದು ಸಂಖ್ಯೆಯಲ್ಲ, ವಿಳಾಸ ಎಂದು ಅವಳು ಅದಕ್ಕೆ ಹೇಳಿರಲೇ ಇಲ್ಲ. ನಾಲ್ಕು ಕೋಟಿಯನೇ ಮನೆ ಊರಲ್ಲಿ ಎಲ್ಲಿ ಸಿಗಬೇಕು? ಹಾಗಾಗಿ ಬಿಸಿ ಎಲ್ಲಿಗೂ ಹೋಗಿರಲಿಲ್ಲ.

ಮನೆಸಂಖ್ಯೆಯನ್ನು ಅಕ್ಷರವಾಗಿಯೇ ಓದುವಂತೆ ತಿದ್ದಿದಳು. "ಹರೀತಿದೆ!" ಎಂದು ಮಾಪಕ ನೋಡುತ್ತಿದ್ದ ದೊರಿನ್ ಕೂಗಿದ. ಅತ್ತೆ ಇನ್ನೂ ಫೋನ್ ಎತ್ತಿರಲಿಲ್ಲ.

ಕೋಟಿನ ಗುಂಡಿಯನ್ನೂ ಹಾಕದೆ ಹಿಮದಲ್ಲಿ ಓಡಿದಳು. ಬಾಗಿಲು ಬಡಿದಳು, ಕೂಗಿದಳು, ಒಳಗೆ ಸದ್ದಿಲ್ಲ. ಬೀಗ ಒಡೆಸಲು ಯಾರನ್ನಾದರೂ ಕರೆಯೋಣವೆಂದು ಕೆಳಗಿಳಿದು D ಮೆಟ್ಟಿಲಿನ ಮೊದಲ ಮನೆಯ ಗಂಟೆ ಒತ್ತಿದರೆ, ಅಗ್ಲಾಯಾ ಅಲ್ಲೇ ಬೆಚ್ಚಗೆ ಕೂತು ರಮ್ಮಿ ಆಡುತ್ತಿದ್ದಳು.

"ಫೋನ್ ಯಾಕತ್ತೆ ಎತ್ತಲಿಲ್ಲ?"

"ಮನೇಲಿ ಬಿಟ್ಬಂದೆ ಕಣೇ. ಅದೂ ಸ್ವಲ್ಪ ನಡುಗಲಿ."

ಸ್ಮರಾಂದಾ ನಗಲು ಹೋಗಿ ಅತ್ತುಬಿಟ್ಟಳು. ಆ ಮನೆಯಾಕೆ ಕೊಟ್ಟ ಚಹಾ ಕುಡಿದು, ಊರಿನ ಉಳಿದ E ಮೆಟ್ಟಿಲುಗಳ ಕೊಳವೆಗಳನ್ನು ತಾನೇ ಮುಟ್ಟಿನೋಡಲು ಹೊರಟಳು.